ಲಿನಕ್ಸ್‌ಗೆ ಸಿಕ್ಕ ಹೂವಿನ ಅಪ್ಪಣೆ

ಪ್ರಿಯ ಓದುಗರೇ, ನಮಸ್ಕಾರ. ಮೊಳಕಾಲ್ಮೂರಿನ ಶಾರದಕ್ಕ, ಮೊಣಕಾಲು ನೋವು ಹೇಗಿದೆ? ಓಬಳೇಶ, ಮನೆಯಲ್ಲೆಲ್ಲ ಆರಾಮವೇ?

ಇವತ್ತು ಚಳ್ಳಕೆರೆಯ ನಮ್ಮ ಮನೆಯ ಕಂಪ್ಯೂಟರಿಗೆ, ಅದನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಹಾಕಲು ಕುಳಿತೆ. ಅದರಲ್ಲಿ ಹಲವು ಬಗೆ: ಒಂದು ಆಟಕ್ಕೆ ಚೆನ್ನ, ಇನ್ನೊಂದು ನನ್ನಂತೆ ಬಿಚ್ಚಿ ಜೋಡಿಸುವವರಿಗೆ. ನನ್ನಾಕೆಗೆ ಕಾರ್ ರೇಸ್ ಬೇಕು. ವಾದ ಮುಗಿಯದೆ ಆಕೆ ಮನೆದೇವರು ತಿಪ್ಪೇಸ್ವಾಮಿ ಫೋಟೋದ ಎರಡೂ ಬದಿಗೆ ಹೂವಿಟ್ಟು, "ಬಲಗಡೆದು ಬಿದ್ರೆ ನನ್ದು, ಎಡಗಡೆದು ಬಿದ್ರೆ ನಿಮ್ದು" ಎಂದಳು. ಬಲಗಡೆಯದೇ ಬಿತ್ತು.

"ಫ್ಯಾನ್ ಗಾಳಿಗೆ ಬಿತ್ತು ಕಣೇ!"

"ಫ್ಯಾನ್ ಹಾಕ್ದೋರು ನೀವೇ ಅಲ್ಲೇನ್ರಿ?"

ಆಟದ್ದನ್ನೇ ಹಾಕಿದೆ. ಕಾರು ಚೆನ್ನಾಗಿಯೇ ಓಡಿತು. ಒಳಗೇನಿದೆ ನೋಡೋಣವೆಂದು ಕೀಬೋರ್ಡ್ ಮುಟ್ಟಿದರೆ, "ದೇವ್ರು ಕೊಟ್ಟಿದ್ದು, ಬಿಚ್ಚಬ್ಯಾಡ್ರಿ!" ಎಂದಳು.

ಯಾರು ಬೇಕಾದರೂ ಬಿಚ್ಚಿ ನೋಡಲೆಂದೇ ಮಾಡಿದ ಲಿನಕ್ಸ್ ನಮ್ಮ ಮನೆಯಲ್ಲಿ ಪ್ರಸಾದವಾಗಿ ಕುಳಿತಿದೆ. ನಿಮ್ಮ ಯಾರ ಅಟ್ಟದ ಮೇಲಾದರೂ ಹಳೆಯ ಕಂಪ್ಯೂಟರ್ ಇದ್ದರೆ ಬೇಗ ಬರೆಯಿರಿ.