ನಂಗಲಿಯ ನರ್ಸಮ್ಮ ಮಂತ್ರಿಯಾದದ್ದು

ಮಂತ್ರಿಯಾಗುವ ಮೊದಲು ಆಶಾರಾಣಿಯವರು ನಂಗಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುವ ಗಡಿ ಹಳ್ಳಿಗಳ ಹೆಂಗಸರು ಹೆರಿಗೆಗೂ, ಮಕ್ಕಳ ಚುಚ್ಚುಮದ್ದಿಗೂ, ಗಂಡ ಹೊಡೆದ ಗಾಯಕ್ಕೂ ಈ ನರ್ಸಮ್ಮನನ್ನೇ ಹುಡುಕಿಕೊಂಡು ಬರುತ್ತಿದ್ದರು. ಗಂಡ ಕದಿರೇಶ್‌ಗೆ ಹೆದ್ದಾರಿ ಪಕ್ಕ ಲಾರಿಗಳ ಪಂಕ್ಚರ್ ಅಂಗಡಿ. ಮನೆ ಊರಾಚೆಯ ಕಾಲೊನಿಯಲ್ಲಿ.

ರಾಜಕೀಯವನ್ನು ಆ ಮನೆಗೆ ತಂದವನು ವೆಂಕಟರಾಯಪ್ಪ. ಟೊಮೆಟೊ ಮಂಡಿ, ಕಲ್ಲು ಕ್ವಾರಿ, ಸುತ್ತಲ ಕೆರೆಗಳ ಮೀನಿನ ಗುತ್ತಿಗೆ ಎಲ್ಲ ಅವನ ಕೈಯಲ್ಲಿದ್ದವು. ಹಿಂದೆ ಶಾಸಕನಾಗಿದ್ದವನು. ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾದ ಮೇಲೆ ತಾನು ನಿಲ್ಲುವಂತಿರಲಿಲ್ಲ. ಜನಕ್ಕೆ ಬೇಕಾದವರಾಗಿರಬೇಕು, ತನ್ನ ಮಾತು ಮೀರಬಾರದು, ಅಂಥವರನ್ನು ಹುಡುಕುತ್ತಿದ್ದ. ಅವನ ತಾಯಿಗೆ ಇನ್ಸುಲಿನ್ ಕೊಡಲು ದಿನಾ ಬರುತ್ತಿದ್ದ ಆಶಾರಾಣಿ ಕಣ್ಣಿಗೆ ಬಿದ್ದರು. ಹಿತ್ತಿಲ ಬಾಗಿಲಿನಿಂದ ಬಂದು ಹಿತ್ತಿಲ ಬಾಗಿಲಿನಿಂದಲೇ ಹೋಗುತ್ತಿದ್ದವರು.

ಒಂದು ದಿನ ವೆಂಕಟರಾಯಪ್ಪ ಟೀವಿಯವರನ್ನು ಕರೆದುಕೊಂಡು ಕಾಲೊನಿಗೆ ಬಂದು, ಅವರ ಮನೆಯಲ್ಲಿ ಕೂತು ಟೀ ಕುಡಿದು, ಚುನಾವಣೆಗೆ ನಿಲ್ಲಮ್ಮಾ ಎಂದ. ನೌಕರಿ ಬಿಡಬೇಕಲ್ಲ ಎಂದು ಆಶಾರಾಣಿ ಹಿಂಜರಿದರು. ಒಪ್ಪಿದ್ದು ಕದಿರೇಶ್. ರಾಜೀನಾಮೆಯನ್ನು ವೆಂಕಟರಾಯಪ್ಪನ ವಕೀಲನೇ ಬರೆದು ತಂದ, ಅವರು ಸಹಿ ಹಾಕಿದರು.

ಗೆದ್ದರು. ಸಂಪುಟದಲ್ಲಿ ಹೆಂಗಸರಿಲ್ಲ, ಅವರ ಸಮುದಾಯದವರೂ ಇಲ್ಲ ಎಂಬ ಕೂಗೆದ್ದಿತ್ತು. ಎರಡು ಕೊರತೆಯೂ ಒಬ್ಬರಿಂದಲೇ ನೀಗಿತು. ಆರೋಗ್ಯ ಖಾತೆ ಕೊಡಿ, ಆ ಕೆಲಸ ನನಗೆ ಗೊತ್ತು ಎಂದು ಕೇಳಿಕೊಂಡರು. ಪಕ್ಷದ ದೊಡ್ಡವರು ನಕ್ಕು ಮೀನುಗಾರಿಕೆ ಕೊಟ್ಟರು. ಸಮುದ್ರವಿರಲಿ, ವರ್ಷಪೂರ್ತಿ ಹರಿಯುವ ಹೊಳೆಯೂ ಇಲ್ಲದ ಜಿಲ್ಲೆಯವರಿಗೆ ಮೀನು. ಪತ್ರಿಕೆಗಳು ಕಾರ್ಟೂನು ಬರೆದವು.

ವೆಂಕಟರಾಯಪ್ಪನ ಬಾಮೈದ ಮುರಳಿಮೋಹನ್ ಅವರ ಆಪ್ತ ಕಾರ್ಯದರ್ಶಿಯಾದ. ಕಡತಗಳು ಅವನ ಮೇಜಿನಿಂದ ಸಹಿಗಷ್ಟೇ ಅವರ ಮುಂದೆ ಬರುತ್ತಿದ್ದವು. ವೇದಿಕೆಯ ಮೇಲೆ ‘ಮಾನ್ಯ ಸಚಿವರು’ ಎನ್ನುತ್ತಿದ್ದ ವೆಂಕಟರಾಯಪ್ಪ ಕಾರಿನ ಬಾಗಿಲು ಮುಚ್ಚಿದ ಕೂಡಲೇ ‘ಏನಮ್ಮಾ ಆಶಾ’ ಎನ್ನುತ್ತಿದ್ದ.

ಆ ಹೊತ್ತಿಗೆ ಬೆಂಗಳೂರಿನ ಕೊಳಚೆ ನೀರು ಶುದ್ಧವಾಗಿ ಪೈಪಿನಲ್ಲಿ ಬಂದು ಕೋಲಾರದ ಕಡೆಯ ಕೆರೆಗಳು ತುಂಬಿದ್ದವು. ಒಣಗಿ ಬಿರುಕು ಬಿಟ್ಟಿದ್ದ ಕೆರೆಗಳಲ್ಲಿ ಮೀನು ಹುಟ್ಟಿತು. ಆಶಾರಾಣಿ ಒಮ್ಮೆ ಅಕ್ಕ ಮುನಿಶಾಮಮ್ಮನ ಊರಿಗೆ ಹೋದಾಗ ಕೆರೆಯೇರಿಯ ಮೇಲೆ ವೆಂಕಟರಾಯಪ್ಪನ ಲಾರಿ ನಿಂತಿತ್ತು. ದೊಡ್ಡ ಮೀನೆಲ್ಲ ಲಾರಿಗೆ ಹೋಯಿತು. ಊರ ಹೆಂಗಸರು ಸೀರೆ ಸೆರಗೊಡ್ಡಿ ಉಳಿದ ಸಣ್ಣ ಮೀನಿಗೆ ಕಾಯುತ್ತಿದ್ದರು. ಅದನ್ನು ನೋಡಿದ ಮೇಲೆ ಅವರಿಗೆ ಊಟ ಸೇರಲಿಲ್ಲ.

ಇಲಾಖೆಯ ಹಿರಿಯ ಅಧಿಕಾರಿಯನ್ನು ಕರೆದು, ಈ ಗುತ್ತಿಗೆಯನ್ನು ಊರ ಹೆಂಗಸರ ಸಂಘಕ್ಕೆ ಕೊಡಬಹುದೇ ಎಂದು ಕೇಳಿದರು. ನಿಯಮದಲ್ಲಿ ಅವಕಾಶವಿದೆ, ಯಾರೂ ಕೇಳಿಲ್ಲ ಅಷ್ಟೇ ಎಂದರು ಅವರು. ಮುರಳಿಮೋಹನ್ ಮುಡಿ ಕೊಡಲು ತಿರುಪತಿಗೆ ಹೋಗಿದ್ದಾಗ ಆಶಾರಾಣಿ ಆ ಆದೇಶಕ್ಕೆ ಸಹಿ ಹಾಕಿದರು. ತಾವೇ ಕೇಳಿ ತರಿಸಿಕೊಂಡ ಮೊದಲ ಕಡತ ಅದು.

ವೆಂಕಟರಾಯಪ್ಪ ಬೆಂಗಳೂರಿನ ಮಂತ್ರಿ ಬಂಗಲೆಗೆ ಬಂದ. ಗದರಲಿಲ್ಲ.

“ಒಳ್ಳೇ ಕೆಲಸ ಮಾಡಿದೀಯಮ್ಮಾ. ಪೇಪರಲ್ಲೆಲ್ಲ ನಿನ್ ಫೋಟೋನೇ. ನನ್ನ ಒಂದ್ಮಾತು ಕೇಳ್ಬೇಕಿತ್ತು, ಅಷ್ಟೇ.”

“ಕೇಳಿದ್ರೆ ಬೇಡ ಅಂತಿದ್ರಿ ಅಣ್ಣಾ.”

“ಅಂತಿದ್ದೆ” ಎಂದು ಕಾಫಿ ಮುಗಿಸಿ ಎದ್ದು ಹೋದ.

ಅಕ್ಕನ ಊರಲ್ಲಿ ಸಂಘವಾಯಿತು, ಮುನಿಶಾಮಮ್ಮನೇ ಅಧ್ಯಕ್ಷೆ. ಆಶಾರಾಣಿ ಮಂಡಿಯುದ್ದ ನೀರಿಗಿಳಿದು ಮೀನುಮರಿ ಬಿಟ್ಟರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾವು ನಂಗಲಿಯವರು ಮತ್ತೆ ನೋಡಲಿಲ್ಲ.

ಮೀನು ಹಿಡಿಯುವ ಕಾಲಕ್ಕೆ ಮತ್ತೆ ಹೋದರು. ಏರಿಯ ಮೇಲೆ ಅದೇ ಲಾರಿ, ಅದೇ ಆಳುಗಳು. ಸಂಘದ ಹೆಂಗಸರು ಕೆರೆಯನ್ನು ಬಾಯಿಮಾತಿನಲ್ಲಿ ವೆಂಕಟರಾಯಪ್ಪನ ಮಗನಿಗೆ ಬಿಟ್ಟುಕೊಟ್ಟಿದ್ದರು. ಯಾಕಕ್ಕಾ ಹೀಗೆ ಮಾಡಿದೆ ಎಂದು ಮುನಿಶಾಮಮ್ಮನನ್ನು ಕೇಳಿದರು.

“ಸಂಘ ಸೇರಿದೋರನ್ನ ಅವರು ಕೂಲಿಗೆ ಕರೆಯೋದೇ ನಿಲ್ಸಿದ್ರು. ಅವರ ಹೊಲ, ಅವರ ಮಂಡಿ ಬಿಟ್ರೆ ನಮಗೆ ಇನ್ನೆಲ್ಲೈತೆ ಕೆಲ್ಸ? ನೀನು ನಮ್ಮನ್ನ ಕೇಳಿ ಮಾಡ್ದೆಯಾ ಇದನ್ನ? ನೀನು ಬೆಂಗಳೂರಲ್ಲಿರ್ತೀಯ. ನಾವು ಅವರ ಮನೆ ಮುಂದೆ ಇರ್ತೀವಿ ಕಣೇ.”

ಆಶಾರಾಣಿ ಕಾರು ಹತ್ತಿದರು.

ಮುಂದಿನ ಸಂಪುಟ ಪುನರ್ರಚನೆಯಲ್ಲಿ ಅವರನ್ನು ಕೈಬಿಟ್ಟರು. ಸುದ್ದಿ ಗೊತ್ತಾದದ್ದು ಟೀವಿಯಿಂದ. ನಿಗಮ, ಮಂಡಳಿ ಏನಾದರೂ ಕೊಡೋಣ ಎಂದವರು ಆಮೇಲೆ ಫೋನು ಎತ್ತಲಿಲ್ಲ. ಚುನಾವಣೆ ಬಂದಾಗ ಟಿಕೆಟ್ ಮಾಲೂರಿನ ಕಂಟ್ರಾಕ್ಟರ್ ಕಾಂತರಾಜ್‌ಗೆ ಹೋಯಿತು. ಅವನೂ ಅವರದೇ ಸಮುದಾಯದವನು, ವೆಂಕಟರಾಯಪ್ಪ ಆರಿಸಿದವನು. ಆಶಾರಾಣಿ ಪಕ್ಷೇತರರಾಗಿ ನಿಂತರು. ಕೈಹಿಡಿದು ಕಣ್ಣೀರಿಟ್ಟ ಹೆಂಗಸರು ಎಷ್ಟೋ ಜನ. ಕಾಲೊನಿಯ ಮತಗಟ್ಟೆಯಲ್ಲೂ ಅವರಿಗೆ ಬಿದ್ದ ಓಟು ಅಷ್ಟಕ್ಕಷ್ಟೇ, ಠೇವಣಿ ಹೋಯಿತು. ಕದಿರೇಶ್ ಆ ದಿನಗಳಲ್ಲಿ ಕಾಂತರಾಜ್‌ನ ಜೀಪಿನಲ್ಲಿ ಪ್ರಚಾರಕ್ಕೆ ಹೋಗುತ್ತಿದ್ದ. ಸಂಜೆ ಮನೆಗೆ ಬಂದು ಹೆಂಡತಿ ಬಡಿಸಿದ್ದನ್ನು ಉಣ್ಣುತ್ತಿದ್ದ.

ಹಳೆಯ ನೌಕರಿಗೆ ಅರ್ಜಿ ಹಾಕಿದರು, ಬಿಟ್ಟ ಕೆಲಸ ಮತ್ತೆ ಸಿಗುವುದಿಲ್ಲ ಎಂಬ ಉತ್ತರ ಬಂತು. ಮಾಜಿ ಶಾಸಕರ ಪಿಂಚಣಿಯಿದೆ, ಊಟಕ್ಕೆ ತೊಂದರೆಯಿಲ್ಲ. ಮನೆಯಲ್ಲಿ ಕೂರಲಾರದೆ ನರಸಾಪುರದ ಕಾರ್ಖಾನೆಯೊಂದರ ಪ್ರಥಮ ಚಿಕಿತ್ಸೆ ಕೊಠಡಿಗೆ ಸೇರಿಕೊಂಡರು. ತಲೆಸುತ್ತು, ಮುಟ್ಟಿನ ನೋವು ಎಂದು ಬರುವ ಹುಡುಗಿಯರಿಗೆ ಮಾತ್ರೆ ಕೊಟ್ಟು ಸ್ವಲ್ಪ ಹೊತ್ತು ಮಲಗಿಸುತ್ತಾರೆ. ಅವರು ಮಂತ್ರಿಯಾಗಿದ್ದರೆಂದು ಆ ಹುಡುಗಿಯರಿಗೆ ಗೊತ್ತಿಲ್ಲ.

ಕಳೆದ ವರ್ಷ ಕಾಂತರಾಜ್ ಮಂತ್ರಿಯಾದ. ಮುಳಬಾಗಿಲಿನಲ್ಲಿ ದೊಡ್ಡ ಸನ್ಮಾನ. ಮಾಜಿ ಸಚಿವೆಯೂ ವೇದಿಕೆಯಲ್ಲಿರಲಿ ಎಂದು ವೆಂಕಟರಾಯಪ್ಪ ಹೇಳಿ ಕಳಿಸಿದ್ದ. ಕದಿರೇಶ್ ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಬಾಗಿಲಲ್ಲಿ ನಿಂತು, ಬರದಿದ್ದರೆ ಚೆನ್ನಾಗಿರಲ್ಲ ಎಂದ. ಶಿಫ್ಟ್ ಇದೆ ಎಂದರು ಆಶಾರಾಣಿ. ಅವತ್ತು ಅವರಿಗೆ ರಜೆ. ಹೆದ್ದಾರಿಗೆ ನಡೆದು ಹೋಗಿ ಕಂಪನಿ ಬಸ್ಸು ಹತ್ತಿದರು.