ದಾವಲಬಿ ಆಪಾ ಹೇಳಿದ ನಂಬರು

ಕೆಡಬಹುದಾದದ್ದು ಬಹಳವಿತ್ತು. ನರಗುಂದದಿಂದ ಆಸ್ಪತ್ರೆಗೆಂದು ನಾನು ಹತ್ತಿದ ಬಸ್ಸು ನಡುದಾರಿಯಲ್ಲಿ ನಿಲ್ಲಬಹುದಿತ್ತು. ಫಾರ್ಮುಗಳ ಕಟ್ಟು ಸೀಟಿನ ಮೇಲೆಯೇ ಉಳಿಯಬಹುದಿತ್ತು. ಯಾವ ರೋಗಿಯ ಮಗನೋ ನನ್ನನ್ನು ವಿಮೆ ಏಜೆಂಟನೆಂದು ತಿಳಿದು ಹೊರದಬ್ಬಬಹುದಿತ್ತು. ರಕ್ತ ಕಂಡು ರೋಗಿಗಿಂತ ಮೊದಲು ನಾನೇ ಬೀಳಬಹುದಿತ್ತು. ‘ಇರಿಯುವ ನೋವು ಇದೆಯೇ’ ಎಂದು ಕೇಳಿದ್ದಕ್ಕೆ ಪೊಲೀಸಿನವನೆಂದು ಯಾರಾದರೂ ಹೆದರಬಹುದಿತ್ತು. ಎಲ್ಲಕ್ಕೂ ಮಿಗಿಲಾಗಿ, ದಾವಲಬಿ ಆಪಾ ಫಿನೈಲಿನ ಬಕೀಟನ್ನು ನನ್ನ ಕಾಲಮೇಲೆ ಸುರಿಯಬಹುದಿತ್ತು. ಐವತ್ತರ ಹತ್ತಿರ ಬಂದರೂ ನನಗೆ ಚೆನ್ನಾಗಿ ಬರುವ ವಿದ್ಯೆ ಒಂದೇ: ಮುಂಚಿತವಾಗಿ ಹೆದರುವುದು.

ಎಲ್ಲರೂ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದ ಆಕೆ ರೋಣದ ಆ ಆಸ್ಪತ್ರೆಯಲ್ಲಿ ಆಯಾ. ಗಜೇಂದ್ರಗಡದ ನೇಕಾರರ ಮನೆಯ ಹೆಣ್ಣುಮಗಳು. ಕೆಳತುಟಿಯ ಒಂದು ಮೂಲೆ ಸದಾ ಕೆಳಕ್ಕೆ ಜಗ್ಗಿರುತ್ತಿತ್ತು. ಡಾಕ್ಟರು, ದೊಡ್ಡ ಡಾಕ್ಟರು, ರೋಗಿಯನ್ನು ನೋಡಬಂದ ಬೀಗರು, ಅವರು ತಂದ ಮೋಸಂಬಿ, ಎಲ್ಲಕ್ಕೂ ಆ ತುಟಿಯೇ ಉತ್ತರ.

ನಾನು ಕನ್ನಡ ಮಾಸ್ತರ. ನರ್ಸಿಂಗ್ ಕಾಲೇಜಿನವರು ನೋವನ್ನು ಅಳೆಯುವ ಒಂದು ಪಟ್ಟಿಯನ್ನು ಇಂಗ್ಲಿಷಿನಿಂದ ಅನುವಾದಿಸಲು ಕೊಟ್ಟಿದ್ದರು. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ತಡೆಯಲಾರದ್ದು. ಕೆಳಗೆ ನಗುವುದರಿಂದ ಅಳುವವರೆಗೆ ಆರು ಮೋರೆಗಳು. ‘ಚುಚ್ಚುವ’ ಮತ್ತು ‘ಇರಿಯುವ’ ನಡುವಣ ವ್ಯತ್ಯಾಸಕ್ಕೆ ನಾವು ಮೂವರು ಪಂಡಿತರು ಒಂದಿಡೀ ಮಧ್ಯಾಹ್ನವನ್ನೂ ಎರಡು ತಟ್ಟೆ ಮಿರ್ಚಿ ಭಜಿಯನ್ನೂ ಮುಗಿಸಿದೆವು. ಇನ್ನೊಬ್ಬರು ನಮ್ಮ ಕನ್ನಡವನ್ನು ತಿರುಗಿ ಇಂಗ್ಲಿಷಿಗೆ ತಂದರು, ಮೂಲಕ್ಕೆ ಹೊಂದಿತು. ಹಿಗ್ಗಿದೆವು. ನೋವಿದ್ದವರು ಒಬ್ಬರೂ ಆ ಕೋಣೆಯಲ್ಲಿರಲಿಲ್ಲ.

ಇನ್ನು ಉಳಿದದ್ದು, ಪಟ್ಟಿ ನಿಜವಾದ ರೋಗಿಗಳ ಮುಂದೆ ನಿಲ್ಲುತ್ತದೆಯೇ ಎಂದು ಮಂಚದಿಂದ ಮಂಚಕ್ಕೆ ಹೋಗಿ ಪರೀಕ್ಷಿಸುವುದು. ಆ ಪರೀಕ್ಷೆಯ ದಿನಗಳಲ್ಲಿ ನನ್ನ ಹಾಳೆಯ ನಂಬರು ನೋಡಿಯೇ ಸಿಸ್ಟರು ಇಂಜೆಕ್ಷನ್ ಕೊಡಬೇಕೋ ಗುಳಿಗೆ ಸಾಕೋ ಎಂದು ತೀರ್ಮಾನಿಸಬೇಕು ಎಂದೂ ಕಾಲೇಜಿನವರು ಗೊತ್ತುಮಾಡಿದ್ದರು.

ಮೊದಲ ದಿನವೇ ಆಪಾ ಪಟ್ಟಿಯನ್ನು ನನ್ನ ಕೈಯಿಂದ ಕಸಿದಳು.

“ಇವ್ರೆಲ್ಲಾ ಯಾರ್ರಿ, ಮಾಸ್ತರ?”

“ನೋವಿನ ಮಾರಿಗಳ್ರಿ, ಆಪಾ.”

“ಈ ನಾಕನೇದಾಂವ ನಮ್ಮ ಭಾವನಂಗ ಅದಾನ. ಅವಗ ನೋವಿಲ್ರಿ, ಸಾರಿಗೆ ಉಪ್ಪು ಕಡಿಮಿ ಆದ್ರ ಹಿಂಗಾಗ್ತಾನ. ಇದನ್ನ ಬರಿಯಾಕ ಎಷ್ಟ್ ಮಂದಿ ಕುಂತಿದ್ರಿ?”

“ಮೂರು ಮಂದಿ.”

“ಮೂರೂ ಮಂದಿ ಕಲತಾವ್ರ?”

“ಹೌದ್ರಿ.”

“ಅದಕ್ಕ ಮತ್ತ.”

ಆಕೆಗೆ ನಂಬರು ಬೇಕಿರಲಿಲ್ಲ. ಕಸ ಹೊಡೆಯುತ್ತ ಹೋಗುವಾಗ ರೋಗಿಯ ಕೈ ಎಲ್ಲಿದೆ ಎಂದು ಓರೆಗಣ್ಣಿನಲ್ಲಿ ನೋಡುತ್ತಿದ್ದಳು, ಅಷ್ಟೇ. ಹರ್ನಿಯಾ ಆಪರೇಷನ್ ಆಗಿದ್ದ ಜಕ್ಕಲಿಯ ಹಿರಿಯರೊಬ್ಬರು ನನಗೆ ‘ಎರಡು’ ಎಂದರು. ಬರೆದುಕೊಂಡೆ.

“ಎರಡಂತ, ಎರಡು!” ಆಪಾ ಕಸಬರಿಗೆ ಊರಿ ನಿಂತಳು. “ಅಜ್ಜಾ ಮಂಚದ ಕಬ್ಬಣದ ಸಳಿ ಹ್ಯಾಂಗ ಹಿಡಕೊಂಡಾನ ನೋಡ್ರಿ, ಬಿಟ್ರ ಬಾವ್ಯಾಗ ಬೀಳ್ತಾನ ಅನ್ನಂಗ. ನಿಮ್ಮ ಕಣ್ಣಿಗೆ ಏನ್ ಕಟ್ಕೊಂಡೀರಿ?”

“ಚಸ್ಮಾ ಐತಿ.”

“ಒರಸ್ರಿ ಅದನ್ನ.”

ಆಕೆ ಕೂಗಾಡಿದ್ದರಿಂದ ಅಜ್ಜನಿಗೆ ಇಂಜೆಕ್ಷನ್ ಸಿಕ್ಕಿತು. ಅಸೂಟಿಯಿಂದ ಬಂದವರೂ ಎರಡು ಎಂದರು, ನರಗುಂದದವರೂ ಎರಡು ಎಂದರು. ತೀರಾ ಧಾರಾಳಿಗಳು ಮೂರಕ್ಕೆ ಏರಿದರು. ಬೆಳಿಗ್ಗೆ ಕೇಳಿದರೂ ಸಂಜೆ ಕೇಳಿದರೂ ಅಷ್ಟೇ. ಉತ್ತರ ಅಲುಗಾಡುತ್ತಿಲ್ಲ, ಅಂದರೆ ಪಟ್ಟಿ ಗಟ್ಟಿಯಿದೆ ಎಂದು ಕಾಲೇಜಿನವರು ಹಿಗ್ಗಿದರು. ‘ಈ ಭಾಗದ ಜನರ ಸಹನಶಕ್ತಿ ಅಪಾರ’ ಎಂದು ನಾನು ವರದಿಗೊಂದು ವಾಕ್ಯವನ್ನೂ ಹೊಸೆದಿಟ್ಟೆ. ಅದನ್ನು ಓದಿ ಹೇಳಿದಾಗ ಆಪಾ ಬಕೀಟನ್ನು ಕೆಳಗಿಟ್ಟಳು.

“ಎಲ್ಲಾರೂ ಸುಳ್ಳು ಹೇಳಾಕತ್ತಾರ್ರಿ. ಯಾಕಂತ ನನಗೂ ತಿಳೀವಲ್ದು. ನಿಮ್ಮ ಮಾರಿ ನೋಡಿದ್ರ ಖರೇ ಹೇಳಬೇಕ ಅನಸೂದಿಲ್ಲೇನೋ.”

ಕೊನೆಯ ವಾರ ಆಪಾಳೇ ಮಲಗಿದಳು. ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಯಿತು. ಮರುದಿನ ಬೆಳಿಗ್ಗೆ ನಾನು ಹಾಳೆ ಹಿಡಿದು ಹೋದೆ. ಎರಡು ಎಂದಳು. ಬೇರೆಯವರ ಎರಡನ್ನು ಒಂದು ದಿನವೂ ನಂಬದವಳು ಎರಡು ಎಂದಾಗಲಾದರೂ ನನಗೆ ಸಂಶಯ ಬರಬೇಕಿತ್ತು. ಹಲ್ಲಿ ಲೊಚಗುಟ್ಟಿದರೂ ಹೆದರುವ ನಾನು ಅಂದು ನಿಶ್ಚಿಂತೆಯಿಂದ ಬರೆದೆ. ಸಿಸ್ಟರು ನೋಡಿ ಗುಳಿಗೆ ಕೊಟ್ಟರು.

ಸಂಜೆ ಹೋದಾಗ ಆಕೆ ಸೆರಗನ್ನು ಹಲ್ಲಲ್ಲಿ ಕಚ್ಚಿ ಗೋಡೆಗೆ ಮುಖಮಾಡಿದ್ದಳು. ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಬೆಳಗಿನಿಂದಲೂ ಹಾಗೇ ಇದ್ದಾಳೆಂದು ಪಕ್ಕದ ಮಂಚದವರು ಹೇಳಿದರು. ಓಡಿಹೋಗಿ ಸಿಸ್ಟರನ್ನು ಕರೆತಂದೆ. ಇಂಜೆಕ್ಷನ್ ಆಗಿ ಸ್ವಲ್ಪ ಹೊತ್ತಿಗೆ ಸೆರಗು ಬಾಯಿಂದ ಜಾರಿತು.

“ಎರಡಂತ ಯಾಕ ಹೇಳಿದ್ರಿ, ಆಪಾ?” ನನ್ನ ದನಿ ಏರಿತ್ತು.

“ಮುಂಜಾನಿ ಬಂದ ಕೂಡ್ಲೆ ನೀವು ಏನ್ ಕೇಳಿದ್ರಿ?”

“ನೋವು ಎಷ್ಟೈತಿ ಅಂತ…”

“ಅದಕ್ಕೂ ಮೊದ್ಲ. ಆರಾಮೇನ್ರಿ ಅಂದ್ರಿ. ಆರಾಮ ಅಂದೆ. ಯಾರ್ ಕೇಳಿದ್ರೂ ಹಂಗ ಅನ್ನೂದಲ್ಲೇನ್ರಿ? ಆರಾಮ ಅಂದ ಬಾಯಿಲೆ, ಉಸುರು ಬಿಡೂದ್ರಾಗ ಒಂಬತ್ತು ಹ್ಯಾಂಗ ಅನ್ಲಿ? ನಾಕ ಮಂದಿ ಮುಂದ ಸುಳ್ಳಿ ಆಗ್ಲೇನು? ಅದಕ್ಕಿಂತ ಹಲ್ಲು ಕಚ್ಚೂದು ಹಗುರ್ರಿ.”

ಗಜೇಂದ್ರಗಡದಿಂದ ತಮ್ಮ ಬಂದು ಕರೆದೊಯ್ದ. ಆಕೆ ಮತ್ತೆ ಕೆಲಸಕ್ಕೆ ಬರಲಿಲ್ಲ. ಹೊರಡುವ ದಿನ ಬಾಗಿಲಲ್ಲಿ ನಿಂತಿದ್ದೆ. ಬಾಯಿ ತೆರೆಯುವಷ್ಟರಲ್ಲಿ, “ಏನೂ ಕೇಳಬ್ಯಾಡ್ರಿ, ಮಾಸ್ತರ” ಎಂದು ಆಟೋ ಹತ್ತಿದಳು.

ಮರುದಿನ ನಮ್ಮ ಪಟ್ಟಿಯ ಫಾರ್ಮನ್ನು ಇಂಗ್ಲಿಷ್ ಮೂಲದ ಪಕ್ಕದಲ್ಲಿಟ್ಟು ಸಾಲುಸಾಲಾಗಿ ತಾಳೆ ನೋಡಿದೆ. ಚುಚ್ಚುವುದು ಚುಚ್ಚುತ್ತಿತ್ತು, ಇರಿಯುವುದು ಇರಿಯುತ್ತಿತ್ತು. ಅಂಕಿಗಳೂ ಸರಿ, ಮೋರೆಗಳೂ ಸರಿ. ಮೂಲದಲ್ಲಿಲ್ಲದ ಸಾಲು ಒಂದೇ ಒಂದು. ಬಂದವನೇ ನೋವಿನ ಲೆಕ್ಕ ಕೇಳಿದರೆ ರೋಗಿಗೆಲ್ಲಿ ಬೇಸರವಾದೀತೋ ಎಂದು ಹೆದರಿ, ಅಚ್ಚಿಗೆ ಕೊಡುವ ಮುನ್ನ ಯಾರನ್ನೂ ಕೇಳದೆ ಫಾರ್ಮಿನ ನೆತ್ತಿಯ ಮೇಲೆ ನಾನೇ ಸೇರಿಸಿದ್ದೆ: ‘ನಮಸ್ಕಾರ. ಆರಾಮ ಇದ್ದೀರಾ?’