ಪಾಠಕ್ಕೂ ಚೀಟಿ ಹಾಕಿದೆವು

ಪೀಣ್ಯದ ನಮ್ಮ ಬಡಾವಣೆಯಲ್ಲಿ ಬಹುಪಾಲು ಜನ ಸರ್ಕಾರಿ ಕಾರ್ಖಾನೆಗಳಿಂದ ನಿವೃತ್ತರಾದವರು. ಜೀವಮಾನವೆಲ್ಲ ಯೂನಿಯನ್ ಚುನಾವಣೆ ನಡೆಸಿದ ಕೈಗಳು ಸುಮ್ಮನಿರುವುದಿಲ್ಲ. ಗಣೇಶನ ಹಬ್ಬಕ್ಕೆ ಪುಳಿಯೋಗರೆಯೋ ಬಿಸಿಬೇಳೆಬಾತೋ ಎಂಬ ರಾಷ್ಟ್ರೀಯ ಮಹತ್ವದ ಪ್ರಶ್ನೆಯನ್ನೂ ನಾವು ಗುಟ್ಟಾಗಿ ಮತದ ಚೀಟಿ ಹಾಕಿಯೇ ತೀರ್ಮಾನಿಸುವುದು. ಶಾಶ್ವತ ಚುನಾವಣಾಧಿಕಾರಿ ನಾನು.

ಬಡಾವಣೆಯ ನಿವಾಸಿಗಳ ಸಂಘದ ವಾಚನಾಲಯದಲ್ಲಿ ಪ್ರತಿ ಭಾನುವಾರ ನಿವೃತ್ತ ಟೀಚರಮ್ಮ ಒಬ್ಬರು ಮಕ್ಕಳಿಗೆ ಚರಿತ್ರೆ ಹೇಳಿಕೊಡುತ್ತಿದ್ದರು. ತುರ್ತು ಪರಿಸ್ಥಿತಿಯಲ್ಲಿ ಪತ್ರಿಕೆಗಳ ಬಾಯಿ ಕಟ್ಟಿದ್ದು, ಎದುರು ಮಾತಾಡಿದವರು ಜೈಲು ಕಂಡದ್ದು, ನಮ್ಮ ರಾಜರು ಸೋತ ಯುದ್ಧಗಳು, ಒಂದನ್ನೂ ಬಿಡದೆ. ಅಷ್ಟರಲ್ಲಿ ಬಡಾವಣೆಯಲ್ಲೊಂದು ಜಾಗೃತಿ ಪಡೆ ಹುಟ್ಟಿಕೊಂಡಿತು. ಅದರ ಮುಖಂಡನಿಗೆ ನಮ್ಮವರು ಸೋತದ್ದು ಹಿಡಿಸಲಿಲ್ಲ. ಪಾಠ ನಿಲ್ಲಬೇಕು, ಚರಿತ್ರೆಯ ಕಪಾಟಿಗೆ ಬೀಗ ಬೀಳಬೇಕು ಎಂದು ಸರ್ವಸದಸ್ಯರ ಸಭೆ ಕರೆಸಿದ. ಅವನ ಹುಡುಗರು ಗೋಡೆಯುದ್ದಕ್ಕೂ ನಿಂತು ಮೊಬೈಲಿನಲ್ಲಿ ವಿಡಿಯೊ ಹಿಡಿಯತೊಡಗಿದರು.

“ಪಾಠ ಬೇಕು ಅನ್ನೋರು ಎದ್ದು ನಿಂತ್ಕೊಳ್ಳಿ. ಯಾರ್ಯಾರು ಅಂತ ನೋಡೋಣ,” ಎಂದ ಮುಖಂಡ.

ಟೀಚರಮ್ಮ ಒಬ್ಬರೇ ಎದ್ದರು.

“ನೋಡಿದ್ರಲ್ಲ, ಒಬ್ರೇ. ಮುಗೀತು.”

“ಏನಪ್ಪಾ ಮುಗಿದಿದ್ದು? ಚೀಟಿ ಎಲ್ಲಿ?” ಹಿಂದಿನ ಸಾಲಿನಿಂದ ನಮ್ಮ ಹಳೆಯ ಫೋರ್‌ಮನ್ನರ ಹೆಂಡತಿ ಕೇಳಿದರು.

“ಇಷ್ಟಕ್ಕೆಲ್ಲ ಚೀಟಿ ಯಾಕಮ್ಮ?”

“ಪುಳಿಯೋಗರೆಗೇ ಚೀಟಿ ಹಾಕೋರು ಕಣಪ್ಪ ನಾವು. ಮಕ್ಕಳ ಪಾಠ ಅದಕ್ಕಿಂತ ಕಡೆನಾ?”

ಸಭೆಗೆ ಸಭೆಯೇ ನಕ್ಕಿತು. ಆ ನಗುವಿನಲ್ಲಿ ಹೆದರಿಕೆ ಅರ್ಧ ಇಳಿದುಹೋಯಿತು. ನಾನು ಲೋಕಸಭೆಯ ಸಭಾಧ್ಯಕ್ಷರ ಗತ್ತಿನಲ್ಲಿ ಎದ್ದು, ಬಿಸ್ಕತ್ತಿನ ಡಬ್ಬಿ ಖಾಲಿಯಿದೆಯೆಂದು ಎಲ್ಲರಿಗೂ ತೋರಿಸಿ, ಮೂಲೆಯಲ್ಲಿ ಕಟ್ಟಿದ ಪರದೆಯ ಹಿಂದೆ ಇಟ್ಟೆ. ಮೊಬೈಲಿನವನೊಬ್ಬ ಅಲ್ಲಿಗೂ ನುಗ್ಗಹೊರಟ.

“ಮತಗಟ್ಟೆ ಒಳಗೆ ಕ್ಯಾಮೆರಾ ತರಂಗಿಲ್ಲ ತಮ್ಮ. ಕಾನೂನು,” ಎಂದೆ. ಯಾವ ಕಾನೂನೆಂದು ಅವನು ಕೇಳಲಿಲ್ಲ, ಪುಣ್ಯ.

ಒಬ್ಬೊಬ್ಬರಾಗಿ ಎಲ್ಲರೂ ಚೀಟಿ ಹಾಕಿ ಬಂದರು; ಎಣಿಸಿದಾಗ ಪಾಠ ಗೆದ್ದಿತು. ಅದೂ ಎಂಥ ಗೆಲುವು! ಲೆಕ್ಕ ನೋಡಿದರೆ ಮುಖಂಡನ ಅಕ್ಕಪಕ್ಕ ಕೂತಿದ್ದವರೇ ಅವನಿಗೆ ಕೈಕೊಟ್ಟಿರಬೇಕು.

“ಮೋಸ! ಮತ್ತೆ ಎಣಿಸಿ!” ಎಂದು ಅರಚಿದ.

ಪಾಪ, ಯೂನಿಯನ್ನಿನವರ ಮುಂದೆ ಮರುಎಣಿಕೆ ಕೇಳಬಾರದಿತ್ತು. ನಮ್ಮ ಪದ್ಧತಿಯಲ್ಲಿ ಮರುಎಣಿಕೆ ಎಂದರೆ ಒಂದೊಂದು ಚೀಟಿಯನ್ನೂ ಎತ್ತಿ ಹಿಡಿದು ಗಟ್ಟಿಯಾಗಿ ಓದುವುದು. “ಪಾಠ ಬೇಕು,” ಎಂದು ಓದಿದೆ. “ಬೇಕು!” ಎಂದಿತು ಸಭೆ. ಇನ್ನೊಂದು ಓದಿದೆ. ದನಿ ಏರುತ್ತಲೇ ಹೋಯಿತು. ಬೀದಿಯಲ್ಲಿ ಹೋಗುತ್ತಿದ್ದವರೂ ಕಿಟಕಿಗೆ ಬಂದು, ವಿಷಯ ತಿಳಿಯದೆಯೇ “ಬೇಕು” ಎಂದರು. ಟೀಚರಮ್ಮ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಕೂತಿದ್ದರು.

ಮೂರನೆಯ ಸಲವೂ ಎಣಿಸೋಣವೇ ಎಂದು ನಾನು ಸವಿನಯವಾಗಿ ಕೇಳುವ ಹೊತ್ತಿಗೆ ಮುಖಂಡ ಬಾಗಿಲಲ್ಲಿ ತನ್ನ ಚಪ್ಪಲಿ ಹುಡುಕುತ್ತಿದ್ದ.